ಸೋಡಾ ಗ್ಯಾಸಿನಲ್ಲಿ ಕರಗುವ ಅಂಟು
(ಬಾನುಲಿ ಭಾಷಣ)



ಬಡಗಿ ಹಲಗೆಗೆ ಹಲಗೆ ಕೂಡಿಸಲು ಬಳಿಯುವ ಬಿಳಿ ಅಂಟು ನಿಮಗೆಲ್ಲ ಗೊತ್ತು. ನಮ್ಮ ಕಡೆ ಫೆವಿಕಾಲ್ ಅಂದರೆ ಸಾಕು. ಅದರ ಜೀವಾಳ ಪಾಲಿವಿನೈಲ್ ಅಸಿಟೇಟ್ ಎಂಬ ಪಾಲಿಮರ್. ಸೋಡಾ ಬಾಟಲಿಯಲ್ಲಿ ನೊರೆ ಎಬ್ಬಿಸುವ ಅನಿಲವೂ ನಿಮಗೆ ಗೊತ್ತು, ಕಾರ್ಬನ್ ಡೈಆಕ್ಸೈಡ್. ಈ ಅಂಟಿನ ಒಣಗಿದ ತುಣುಕನ್ನು ಗಟ್ಟಿ ಉಕ್ಕಿನ ಪಾತ್ರೆಯಲ್ಲಿಟ್ಟು ಆ ಅನಿಲವನ್ನು ಸಾಕಷ್ಟು ಒತ್ತಿ ತುಂಬಿದರೆ ಅಂಟು ಕರಗಿ ಕಾಣದಾಗುತ್ತದೆ. ಒತ್ತಡ ಇಳಿಸಿದರೆ ಮರಳಿ ಹೊರಬೀಳುತ್ತದೆ. ನೀರಿಲ್ಲ, ಪೆಟ್ರೋಲ್ ಇಲ್ಲ, ಆರಿಸುವ ಕೆಲಸವಿಲ್ಲ. ಆದರೆ ಇದೇ ಪಾತ್ರೆಗೆ ಹಾಲಿನ ಪ್ಯಾಕೆಟ್ಟಿನ ಪಾಲಿಥೀನ್ ತುಂಡೊಂದನ್ನು ಹಾಕಿ, ಎಷ್ಟೇ ಒತ್ತಿ, ಎಷ್ಟೇ ಕಾಯಿಸಿ, ಅದು ಕರಗುವುದಿಲ್ಲ. ಒಂದು ಕರಗುತ್ತದೆ, ಇನ್ನೊಂದು ಕರಗುವುದಿಲ್ಲ, ಏಕೆ? ಇವತ್ತಿನ ಮಾತು ಇದರ ಬಗ್ಗೆ.

ನಾನು ಮಾತಾಡುತ್ತಿರುವುದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕೊಲಂಬಿಯಾದಿಂದ. ವಾಷಿಂಗ್ಟನ್ನಿಗೂ ಬಾಲ್ಟಿಮೋರಿಗೂ ನಡುವೆ, 1967ರಲ್ಲಿ ಜೇಮ್ಸ್ ರೌಸ್ ಎಂಬಾತ ಹೊಲಗಳನ್ನು ಕೊಂಡು ನಕ್ಷೆ ಹಾಕಿ ಕಟ್ಟಿಸಿದ ಊರು ಇದು. ಕನ್ನಡದ ಮನೆಗಳು ಇಲ್ಲಿ ಸಾಕಷ್ಟಿವೆ. ಇಲ್ಲಿಂದ ದಕ್ಷಿಣಕ್ಕೆ ಕ್ಯಾರೊಲಿನಾ ರಾಜ್ಯಗಳನ್ನು ದಾಟಿ ಅಟ್ಲಾಂಟಾವರೆಗೆ ಹೋಗುವ ಹೆದ್ದಾರಿಯ ಆಚೀಚೆ ಇರುವ ಕೆಲವು ವಿಶ್ವವಿದ್ಯಾಲಯಗಳಲ್ಲಿ, ಬಹುಪಾಲು 1990ರ ದಶಕದಲ್ಲಿ, ಈ ಪ್ರಶ್ನೆಗೆ ಉತ್ತರ ಹುಡುಕಿದರು. ಬೇರೆ ಕಡೆಯೂ ಹುಡುಕಿದ್ದಾರೆ. ಆದರೆ ಹೀಗೆ ಒಂದೇ ದಾರಿಯ ಊರುಗಳಲ್ಲಿ ಒಂದೇ ಪ್ರಶ್ನೆಯ ಬೇರೆ ಬೇರೆ ತುದಿಗಳನ್ನು ಹಿಡಿದು ಎಳೆದದ್ದು ಅಪರೂಪ.

ಮೊದಲು ಆ ಅನಿಲದ ವಿಚಾರ. ಬೆಲ್‌ಫಾಸ್ಟಿನ ಥಾಮಸ್ ಆಂಡ್ರ್ಯೂಸ್ 1869ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಒಂದು ಉಪನ್ಯಾಸ ಕೊಟ್ಟ. ಕಾರ್ಬನ್ ಡೈಆಕ್ಸೈಡನ್ನು 31 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿಟ್ಟುಕೊಂಡರೆ ಎಷ್ಟು ಒತ್ತಿದರೂ ಅದು ಅನಿಲ ಒಂದು ಕಡೆ, ದ್ರವ ಒಂದು ಕಡೆ ಎಂದು ಇಬ್ಭಾಗವಾಗುವುದಿಲ್ಲ ಎಂದು ಆತ ತೋರಿಸಿದ್ದ. ವಿಜ್ಞಾನಿಗಳು ಕ್ರಿಟಿಕಲ್ ಪಾಯಿಂಟ್ ಎನ್ನುವ ಗಡಿ ಅದು. ಅಲ್ಲಿನ ಒತ್ತಡ ಸುಮಾರು 74 ಬಾರ್. ನಿಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹಾಕುವಾಗ ಒಳಗಿರುವುದು ಹೊರಗಿನ ಗಾಳಿಗಿಂತ ಒಂದು ಬಾರಿನಷ್ಟು ಹೆಚ್ಚಿನ ಒತ್ತಡ. ಇನ್ನು ಮುಂದೆ ನಾನು ಹೇಳುವ ಅಂಕಿಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿ. 40 ಡಿಗ್ರಿ ಶಾಖದಲ್ಲಿ 200 ಬಾರ್ ಒತ್ತಿದ ಕಾರ್ಬನ್ ಡೈಆಕ್ಸೈಡ್ ಲೀಟರಿಗೆ ಸುಮಾರು 840 ಗ್ರಾಂ ತೂಗುತ್ತದೆ. ತೂಕದಲ್ಲಿ ಅಡುಗೆ ಎಣ್ಣೆಗೆ ಹತ್ತಿರ, ಹರಿಯುವುದರಲ್ಲಿ ಅನಿಲಕ್ಕೆ ಹತ್ತಿರ. ಬೆಂಕಿ ಹತ್ತದು, ಅಗ್ಗ, ಕೆಲಸ ಮುಗಿದ ಮೇಲೆ ತಾನಾಗಿ ಹೊರಟುಹೋಗುತ್ತದೆ. ಕಾಫಿ ಬೀಜದಿಂದ ಕೆಫೀನ್ ತೆಗೆಯಲು ಜರ್ಮನಿಯ ಕುರ್ಟ್ ಸೋಸೆಲ್ ಬಳಸಿಕೊಂಡದ್ದು ಇದನ್ನೇ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಸಾಂಬಾರ ಪದಾರ್ಥಗಳ ಸತ್ವ ತೆಗೆಯುವ ಪ್ರಯೋಗಗಳು ನಡೆದದ್ದೂ ಇದರಲ್ಲೇ.

ಕೆಫೀನಿನಂಥ ಚಿಕ್ಕ ಅಣುಗಳು ಹೀಗೆ ಸಲೀಸಾಗಿ ಬಂದುಬಿಡುತ್ತವೆ. ಪಾಲಿಮರ್ ಬರುವುದಿಲ್ಲ. ಚಿಕ್ಕ ಅಣುವೊಂದು ದ್ರಾವಕದೊಳಗೆ ಹೋದರೆ ಅದಕ್ಕೆ ತಿರುಗಾಡುವ ಸ್ವಾತಂತ್ರ್ಯ ಹೆಚ್ಚುತ್ತದೆ. ಆ ಲಾಭಕ್ಕಾಗಿ ಅಷ್ಟಿಷ್ಟು ಹೊಂದಾಣಿಕೆ ಇಲ್ಲದಿದ್ದರೂ ಕರಗುತ್ತದೆ. ಪಾಲಿಮರ್ ಎಂದರೆ ಸಾವಿರಾರು ಕೊಂಡಿಗಳ ಸರಪಳಿ. ಒಂದಕ್ಕೊಂದು ಕಟ್ಟಿಹಾಕಿದ ಈ ಕೊಂಡಿಗಳಿಗೆ ಹೊರಗೆ ಬಂದರೂ ಸಿಗುವ ಹೊಸ ಸ್ವಾತಂತ್ರ್ಯ ಅತ್ಯಲ್ಪ. ಹಾಗಾಗಿ ಪ್ರತಿ ಕೊಂಡಿಗೂ ದ್ರಾವಕಕ್ಕೂ ಹೊಂದಾಣಿಕೆ ಇರಲೇಬೇಕು. ಒಂದು ಕೊಂಡಿಯಲ್ಲಿ ಕೂದಲೆಳೆಯಷ್ಟು ವಿರಸವಿದ್ದರೂ ಅದನ್ನು ಸಾವಿರದಿಂದ ಗುಣಿಸಿಕೊಳ್ಳಬೇಕು.

ಕಾರ್ಬನ್ ಡೈಆಕ್ಸೈಡ್ ಅಣುವಿನ ಸ್ವಭಾವವೂ ಸ್ವಲ್ಪ ವಿಚಿತ್ರ. ನಡುವೆ ಕಾರ್ಬನ್, ಎರಡು ಕಡೆ ಆಕ್ಸಿಜನ್, ಮೂರೂ ಒಂದೇ ಗೆರೆಯಲ್ಲಿ. ಆಕ್ಸಿಜನ್ನುಗಳು ಎರಡೂ ಕಡೆಯಿಂದ ಎಲೆಕ್ಟ್ರಾನುಗಳನ್ನು ಸಮನಾಗಿ ಎಳೆಯುವುದರಿಂದ ಒಟ್ಟು ಅಣುವಿಗೆ ಧನ ತುದಿ, ಋಣ ತುದಿ ಎಂಬುದಿಲ್ಲ. ಆದರೆ ನಡುವಿನ ಕಾರ್ಬನ್ ಕೊಂಚ ಧನ, ಅಂಚಿನ ಆಕ್ಸಿಜನ್ನುಗಳು ಕೊಂಚ ಋಣ. ಹೀಗಾಗಿ ಅದು ಎಣ್ಣೆಯ ಗುಂಪಿಗೂ ಪೂರ್ತಿ ಸೇರದು, ನೀರಿನ ಗುಂಪಿಗೂ ಸೇರದು. ಪಾಲಿಥೀನ್ ಬರಿಯ ಕಾರ್ಬನ್ ಹೈಡ್ರೋಜನ್ ಸರಪಳಿ; ಈ ಅಣುಗಳಿಗೆ ಅಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ತಮ್ಮ ತಮ್ಮಲ್ಲೇ ಅಂಟಿಕೊಂಡಿರುವುದು ವಾಸಿ ಎನಿಸುತ್ತದೆ. ಹಾಗೆಂದು ಪೂರಾ ನೀರಿನ ಗುಣದ ಪಾಲಿಅಕ್ರಿಲಿಕ್ ಆಸಿಡ್ ತೆಗೆದುಕೊಂಡರೆ, ಅದರ ಸರಪಳಿಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿರುತ್ತವೆ ಎಂದರೆ ಕಾರ್ಬನ್ ಡೈಆಕ್ಸೈಡಿಗೆ ನಡುವೆ ನುಗ್ಗಲು ಆಗುವುದೇ ಇಲ್ಲ.

ಇದನ್ನೆಲ್ಲ ಅಳೆದು ನೋಡಿದ್ದು ನನ್ನ ಊರಿಗೆ ಹತ್ತಿರದ ಬಾಲ್ಟಿಮೋರಿನಲ್ಲಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮಾರ್ಕ್ ಮೆಕ್‌ಹ್ಯೂ ಅವರ ಪ್ರಯೋಗಾಲಯದಲ್ಲಿ. ಬಾಲ್ಟಿಮೋರ್ ನಮ್ಮವರಿಗೆ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ 2006ರಲ್ಲಿ ನಡೆಸಿದ ವಿಶ್ವ ಕನ್ನಡ ಸಮ್ಮೇಳನದ ಊರು. ಆ ಸಮ್ಮೇಳನಕ್ಕೆ ಹತ್ತು ವರ್ಷ ಮೊದಲು, 1996ರಲ್ಲಿ, ಮೆಕ್‌ಹ್ಯೂ ಮತ್ತು ಅವರ ಜೊತೆಗಾರರಾದ ರಿಂಡ್‌ಫ್ಲೈಶ್, ಡಿನೋಯಾ ತಮ್ಮ ಅಳತೆಗಳನ್ನು ಪ್ರಕಟಿಸಿದರು. ಅವರ ಉಪಕರಣದ ಬಗ್ಗೆ ಸ್ವಲ್ಪ ಹೇಳಲೇಬೇಕು. ದಪ್ಪ ಗೋಡೆಯ ಲೋಹದ ಸಿಲಿಂಡರು. ಒಂದು ಕೊನೆಗೆ ನೀಲಮಣಿಯ ಕಿಟಕಿ, ಅಂದರೆ ಕೃತಕ ಸಫೈರ್. ಗಾಜು ಈ ಒತ್ತಡಕ್ಕೆ ತಾಳುವುದಿಲ್ಲ. ಒಳಗೆ ಹಿಂದೆ ಮುಂದೆ ಸರಿಯುವ ಪಿಸ್ಟನ್. ಅಳೆದ ಪಾಲಿಮರ್, ಅಳೆದ ಕಾರ್ಬನ್ ಡೈಆಕ್ಸೈಡ್, ಜೊತೆಗೆ ಕಲಕಲು ಅಯಸ್ಕಾಂತದ ಒಂದು ಸಣ್ಣ ಕಡ್ಡಿ. ಪಿಸ್ಟನ್ ಒತ್ತುತ್ತಾ ಹೋದಂತೆ ಎಲ್ಲ ಕರಗಿ ಒಳಗಿನದು ತಿಳಿಯಾಗುತ್ತದೆ, ಕಡ್ಡಿ ಗಿರಗಿರ ತಿರುಗುವುದು ಸ್ಪಷ್ಟ ಕಾಣುತ್ತದೆ. ಆಮೇಲೆ ನಿಧಾನವಾಗಿ ಒತ್ತಡ ಇಳಿಸುತ್ತಾರೆ. ಒಂದು ಹಂತದಲ್ಲಿ ಮಂಜು ಕವಿದ ಹಾಗಾಗಿ ಕಡ್ಡಿ ಕಣ್ಮರೆಯಾಗುತ್ತದೆ. ಪಾಲಿಮರ್ ಹೊರಬರಲು ಶುರುವಾಗಿದೆ ಎಂದರ್ಥ. ಆಗಿನ ಶಾಖ ಮತ್ತು ಒತ್ತಡವನ್ನು ಬರೆದುಕೊಳ್ಳುತ್ತಾರೆ. ಕ್ಲೌಡ್ ಪಾಯಿಂಟ್ ಎಂಬ ಹೆಸರು ಬಂದದ್ದು ಈ ಮೋಡದಿಂದಲೇ. ಕೋಟಿ ಬೆಲೆಯ ಯಂತ್ರಗಳ ಕಾಲದಲ್ಲಿ ಕೊನೆಗೆ ತೀರ್ಪು ಕೊಡುವುದು ಕಣ್ಣು ಎಂಬುದು ನನಗೆ ಯಾವತ್ತೂ ಖುಷಿ ಕೊಟ್ಟ ಸಂಗತಿ.

ಈ ಅಳತೆಗಳಲ್ಲಿ ಒಂದು ಜೋಡಿ ಇದೆ. ರಸಾಯನಶಾಸ್ತ್ರದ ಮೇಷ್ಟ್ರುಗಳು ತರಗತಿಯಲ್ಲಿ ಹೇಳಬೇಕಾದ ಜೋಡಿ. ಒಂದು ನಮ್ಮ ಬಡಗಿಯ ಅಂಟು, ಪಾಲಿವಿನೈಲ್ ಅಸಿಟೇಟ್. ಇನ್ನೊಂದು ಪಾಲಿಮೀಥೈಲ್ ಅಕ್ರಿಲೇಟ್. ಇವೆರಡರ ಕೊಂಡಿಯಲ್ಲೂ ನಾಲ್ಕು ಕಾರ್ಬನ್, ಆರು ಹೈಡ್ರೋಜನ್, ಎರಡು ಆಕ್ಸಿಜನ್. ಒಂದು ಪರಮಾಣು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಎರಡಕ್ಕೂ ಪಕ್ಕದಲ್ಲಿ ಜೋತುಬಿದ್ದಿರುವುದು ಎಸ್ಟರ್ ಗುಂಪೇ. ವ್ಯತ್ಯಾಸ ಒಂದೇ: ಆ ಗುಂಪನ್ನು ಸರಪಳಿಗೆ ಯಾವ ತುದಿಯಿಂದ ತಗುಲಿಸಿದೆ ಎಂಬುದು. ಅಂಟಿನಲ್ಲಿ ಸರಪಳಿಗೆ ಮೊದಲು ಒಂದು ಆಕ್ಸಿಜನ್, ಅದರಾಚೆಗೆ ಕಾರ್ಬೊನಿಲ್, ಅಂದರೆ ಕಾರ್ಬನ್ನಿಗೆ ಜೋಡಿ ಬಂಧದಲ್ಲಿ ಸೇರಿದ ಆಕ್ಸಿಜನ್. ಹೀಗೆ ಕಾರ್ಬೊನಿಲ್ ಹೊರಕ್ಕೆ ಚಾಚಿಕೊಂಡು ಬಯಲಿಗೆ ಬಿದ್ದಿರುತ್ತದೆ. ಇನ್ನೊಂದರಲ್ಲಿ ಅದು ಉಲ್ಟಾ: ಕಾರ್ಬೊನಿಲ್ ಸರಪಳಿಗೇ ಆತುಕೊಂಡಿದೆ, ಬಂದುಹೋಗುವ ಅಣುವಿನ ಕೈಗೆ ಸುಲಭವಾಗಿ ಸಿಗುವುದಿಲ್ಲ. ಫಲಿತಾಂಶ? ಕೋಣೆಯ ಶಾಖದ ಆಸುಪಾಸಿನಲ್ಲಿ ಅಂಟನ್ನು ಕರಗಿಸಲು ಸುಮಾರು 700 ಬಾರ್ ಸಾಕು. ಅದರ ಅಣ್ಣತಮ್ಮನಿಗೆ ಇದರ ಎರಡು ಪಟ್ಟಿಗೂ ಹೆಚ್ಚು ಬೇಕು.

ಇನ್ನೂ ಒಂದು ಹೆಜ್ಜೆ ಹೋಗೋಣ. ಆ ಪಾಲಿಮೀಥೈಲ್ ಅಕ್ರಿಲೇಟಿನ ಬೆನ್ನಿನ ಮೇಲೆ, ಕೊಂಡಿಗೆ ಒಂದರಂತೆ, ಮೀಥೈಲ್ ಗುಂಪು ಕೂಡಿಸಿ. ಆಗ ಸಿಗುವುದು ಪಿಎಂಎಂಎ. ಅಂಗಡಿ ಬೋರ್ಡುಗಳಿಗೆ, ಸ್ಕೂಟರಿನ ಹಿಂದೀಪಕ್ಕೆ ಬಳಸುವ ಅಕ್ರಿಲಿಕ್ ಶೀಟು. ಈ ಪುಟ್ಟ ಸೇರ್ಪಡೆಯಿಂದ ಸರಪಳಿ ಸೆಟೆದುಕೊಳ್ಳುತ್ತದೆ. ಮೊದಲಿನದು ಕೋಣೆಯ ಶಾಖದಲ್ಲಿ ರಬ್ಬರಿನಂತೆ ಮೆತ್ತಗಿದ್ದರೆ ಇದು ನೂರು ಡಿಗ್ರಿ ದಾಟುವವರೆಗೂ ಗಾಜಿನಂತೆ ಗಡುಸು. ಬಾಲ್ಟಿಮೋರಿನವರು ಇದನ್ನು 2000 ಬಾರ್ ದಾಟಿಸಿ, 200 ಡಿಗ್ರಿಗೂ ಮೇಲೆ ಕಾಯಿಸಿ ನೋಡಿದರು. ಕರಗಲಿಲ್ಲ.

ಹಾಗಾದರೆ ಅಕ್ರಿಲಿಕ್ಕಿಗೂ ಕಾರ್ಬನ್ ಡೈಆಕ್ಸೈಡಿಗೂ ಒಲವೇ ಇಲ್ಲವೇ? ಇದೆ. ಅದನ್ನು ತೋರಿಸಿದ್ದು ಅಟ್ಲಾಂಟಾದ ಜಾರ್ಜಿಯಾ ಟೆಕ್. ಅಲ್ಲಿನ ಚಾರ್ಲ್ಸ್ ಎಕರ್ಟ್, ಚಾರ್ಲ್ಸ್ ಲಿಯೊಟ್ಟಾ, ಸೆರ್ಗೈ ಕಜಾರಿಯನ್ ಮತ್ತು ಜೊತೆಗಾರರು, ಅದೂ 1996ರಲ್ಲೇ, ಅಕ್ರಿಲಿಕ್ ಪದರದೊಳಗೆ ಹೊಕ್ಕ ಕಾರ್ಬನ್ ಡೈಆಕ್ಸೈಡನ್ನು ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡಿದರು. ಈ ಅಣು ಬಾಗಿ ಬಳುಕುವ ಎರಡು ಬಗೆಗಳಿಗೆ ಒಂಟಿಯಾಗಿದ್ದಾಗ ಒಂದೇ ಶಕ್ತಿ. ಕಾರ್ಬೊನಿಲ್ ಇರುವ ಪಾಲಿಮರಿನೊಳಗೆ ಆ ಒಂದು ಗೆರೆ ಒಡೆದು ಎರಡಾಗಿತ್ತು. ಪಾಲಿಮರಿನ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡಿನ ನಡುವಿನ ಧನ ಕಾರ್ಬನ್ನನ್ನು ಒಂದು ಪಕ್ಕದಿಂದ ಹಿಡಿದುಕೊಂಡಿದೆ. ಹಾಗಾಗಿ ಒಂದು ದಿಕ್ಕಿನ ಬಳುಕಿಗೂ ಇನ್ನೊಂದು ದಿಕ್ಕಿನದಕ್ಕೂ ಈಗ ವ್ಯತ್ಯಾಸ. ಅಂದರೆ ಒಲವು ಇದೆ. ಅಕ್ರಿಲಿಕ್ ಈ ಅನಿಲವನ್ನು ಹೀರಿ ಉಬ್ಬಿ ಮೆತ್ತಗಾಗುವುದೂ ಅದಕ್ಕೇ. ಕರಗುವುದಕ್ಕೆ ಮಾತ್ರ ಅಷ್ಟು ಸಾಲದು. ಸರಪಳಿ ಮಣಿಯಬೇಕು, ಒಂದರ ಕೈ ಒಂದು ಬಿಡಬೇಕು, ಆಮೇಲೆ ಹಿಡಿದುಕೊಳ್ಳಲು ಬಯಲಿನಲ್ಲೊಂದು ಜಾಗ ಇರಬೇಕು. ಮೂರೂ ಒಟ್ಟಿಗೆ.

ಹೀಗೆ ಕರಗದೆ ಉಬ್ಬುವ ಗುಣವೂ ಕೆಲಸಕ್ಕೆ ಬಾರದ್ದಲ್ಲ. ಪಾಲಿಯೆಸ್ಟರ್ ಬಟ್ಟೆಗೆ ನೀರಿಲ್ಲದೆ ಬಣ್ಣ ಹಾಕುವ ಯಂತ್ರಗಳನ್ನು ನೆದರ್‌ಲ್ಯಾಂಡ್ಸಿನ ಡೈಕೂ ಕಂಪನಿ ಇದರ ಮೇಲೆಯೇ ಕಟ್ಟಿತು. ನಮ್ಮದಲ್ಲದ ಇನ್ನೊಂದು ಕೊಲಂಬಿಯಾದಲ್ಲಿ, ಸೌತ್ ಕ್ಯಾರೊಲಿನಾ ರಾಜಧಾನಿಯಲ್ಲಿ, ಅಲ್ಲಿನ ವಿಶ್ವವಿದ್ಯಾಲಯದವರು ವೈದ್ಯಕೀಯ ಪಾಲಿಮರುಗಳನ್ನು ಕೆಡಿಸದೆ ಕ್ರಿಮಿಗಳನ್ನು ಮಾತ್ರ ಕೊಲ್ಲಲು ಒತ್ತಿದ ಕಾರ್ಬನ್ ಡೈಆಕ್ಸೈಡನ್ನು ಬಳಸಿ ನೋಡಿದ್ದಾರೆ. ಅದೇ ಒಂದು ಭಾಷಣದ ವಸ್ತು, ಬಿಡೋಣ.

ಈ ಮೂರೂ ಷರತ್ತುಗಳನ್ನು ಸುಲಭದಲ್ಲಿ ತೀರಿಸಿದ ಪಾಲಿಮರ್ ಯಾವುದು? ಸಿಲಿಕೋನ್ ಒಂದು ಮಟ್ಟಿಗೆ ಹೌದು. ಅದರ ಸಿಲಿಕಾನ್ ಆಕ್ಸಿಜನ್ ಬೆನ್ನೆಲುಬು ಮೈನಸ್ ನೂರು ಡಿಗ್ರಿಯ ಕೆಳಗೂ ಬಳುಕುತ್ತಿರುತ್ತದೆ. ಆದರೆ ದೊಡ್ಡ ಬಾಗಿಲು ತೆರೆದದ್ದು ಫ್ಲೋರಿನ್. ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿ ಜೋಸೆಫ್ ಡಿಸಿಮೋನ್ ಮತ್ತು ಜೊತೆಗಾರರು 1992ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು: ಅಕ್ರಿಲೇಟ್ ಸರಪಳಿಗೆ ಫ್ಲೋರಿನ್ ತುಂಬಿದ ಉದ್ದನೆಯ ಬಾಲ ಹಚ್ಚಿದರೆ, ಆ ಪಾಲಿಮರ್ ಕಾರ್ಬನ್ ಡೈಆಕ್ಸೈಡಿನೊಳಗೇ ಹುಟ್ಟಿ ಅದರೊಳಗೇ ಕರಗಿ ಉಳಿಯುತ್ತದೆ. ಒತ್ತಡ ಸುಮಾರು 200 ಬಾರ್. ಫ್ಲೋರಿನ್ ಬಾಲಗಳು ಒಂದನ್ನೊಂದು ಹಚ್ಚಿಕೊಳ್ಳುವುದು ತೀರಾ ಕಡಿಮೆ, ಹಾಗಾಗಿ ಸರಪಳಿಗಳು ಸುಲಭವಾಗಿ ಬಿಡಿಬಿಡಿಯಾಗುತ್ತವೆ. ಆದರೆ ಫ್ಲೋರಿನ್ ಇದ್ದರಾಯಿತು ಎಂದುಕೊಳ್ಳಬೇಡಿ. ದೋಸೆ ತವಾದ ಟೆಫ್ಲಾನಿನಲ್ಲಿ ಫ್ಲೋರಿನ್ ಇಡಿಕಿರಿದಿದೆ, ಅದು ಹರಳುಗಟ್ಟಿಕೊಂಡು ಕೂತಿರುವುದರಿಂದ ಕರಗುವುದಿಲ್ಲ.

1994ರಲ್ಲಿ ಡಿಸಿಮೋನ್ ಇನ್ನೊಂದು ಚಮತ್ಕಾರ ಮಾಡಿದರು. ಕರಗದ ಅಕ್ರಿಲಿಕ್ಕನ್ನು ಈ ಫ್ಲೋರಿನ್ ಪಾಲಿಮರಿನ ಸಹಾಯದಿಂದ ಕಾರ್ಬನ್ ಡೈಆಕ್ಸೈಡಿನಲ್ಲಿ ಸಣ್ಣ ಸಣ್ಣ ಗುಂಡುಗಳಾಗಿ ತೇಲಿಸಿದರು. ಫ್ಲೋರಿನ್ ಬಾಲ ಹೊರಗೆ ದ್ರಾವಕದ ಕಡೆಗೆ, ಬೆನ್ನೆಲುಬು ಒಳಗೆ ಗುಂಡಿನ ಕಡೆಗೆ. ಅಂದರೆ ಕಾರ್ಬನ್ ಡೈಆಕ್ಸೈಡಿಗೆ ಒಂದು ಸಾಬೂನು ಸಿಕ್ಕಿತು. ಸಾಬೂನು ಸಿಕ್ಕ ಮೇಲೆ ಒಗೆಯದೆ ಇರುತ್ತಾರೆಯೇ? ಅವರು ಶಿಷ್ಯರ ಜೊತೆ ಮೈಸೆಲ್ ಎಂಬ ಕಂಪನಿ ಕಟ್ಟಿದರು, 1997ರಲ್ಲಿ ಅಧ್ಯಕ್ಷರ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ಬಂತು, 1999ರ ಹೊತ್ತಿಗೆ ಹ್ಯಾಂಗರ್ಸ್ ಹೆಸರಿನಲ್ಲಿ ದ್ರವ ಕಾರ್ಬನ್ ಡೈಆಕ್ಸೈಡಿನ ಡ್ರೈಕ್ಲೀನಿಂಗ್ ಅಂಗಡಿಗಳು ಶುರುವಾದವು. ಇಲ್ಲಿನ ನಮ್ಮ ಹೆಂಗಸರಿಗೆ ಇದು ದೂರದ ವಿಷಯವಲ್ಲ. ಯುಗಾದಿಗೆ, ಕಾವೇರಿ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಉಟ್ಟ ಮೈಸೂರು ರೇಷ್ಮೆಯ ಮೇಲೆ ಸಾರಿನ ಕಲೆ ಬಿದ್ದರೆ ಹೋಗುವುದು ಡ್ರೈಕ್ಲೀನರ್ ಹತ್ತಿರವೇ, ಅಲ್ಲಿ ಹೆಚ್ಚಾಗಿ ಬಳಸುತ್ತಾ ಬಂದದ್ದು ಪರ್ಕ್ ಎಂಬ ಕ್ಲೋರಿನ್ ದ್ರಾವಕ. ಸೀರೆ ಮನೆಗೆ ಬಂದ ದಿನ ಬೀರುವಿನಲ್ಲಿ ಒಂದು ಸಿಹಿ ವಾಸನೆ ಬರುತ್ತದಲ್ಲ, ಅದೇ. ಕ್ಯಾನ್ಸರಿಗೆ ಕಾರಣವಾಗುವ ವಸ್ತು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಡಿಸೆಂಬರಿನಲ್ಲಿ, ಡ್ರೈಕ್ಲೀನಿಂಗಿನಲ್ಲಿ ಅದರ ಬಳಕೆಯನ್ನು ಹತ್ತು ವರ್ಷಗಳಲ್ಲಿ ನಿಲ್ಲಿಸುವ ನಿಯಮ ಹೊರಡಿಸಿತು. ಕಾರ್ಬನ್ ಡೈಆಕ್ಸೈಡಿನ ಯಂತ್ರಗಳು ಮಾತ್ರ ದುಬಾರಿಯಾದ್ದರಿಂದ ಎಲ್ಲ ಬೀದಿಗಳಿಗೆ ಬರಲಿಲ್ಲ.

ಡುಪಾಂಟ್ ಕಂಪನಿ 1999ರಲ್ಲಿ, ಕಾರ್ಬನ್ ಡೈಆಕ್ಸೈಡಿನಲ್ಲಿ ಟೆಫ್ಲಾನ್ ಜಾತಿಯ ಪಾಲಿಮರುಗಳನ್ನು ಮಾಡಲು ನಾರ್ತ್ ಕ್ಯಾರೊಲಿನಾದ ಫಯೆಟ್‌ವಿಲ್ ಬಳಿಯ ತನ್ನ ಕಾರ್ಖಾನೆಯಲ್ಲಿ 4 ಕೋಟಿ ಡಾಲರ್ ಹಾಕುವುದಾಗಿ ಪ್ರಕಟಿಸಿತು. ಹಸಿರು ರಸಾಯನಶಾಸ್ತ್ರದ ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೆ ಚಪ್ಪಾಳೆಯೊಂದಿಗೆ ಮುಗಿಯುತ್ತವೆ. ನಾನು ಮುಗಿಸಲಾರೆ.

ಆ ಫ್ಲೋರಿನ್ ಬಾಲ ನೋಡಿ. ಎಂಟು ಕಾರ್ಬನ್ನಿನದು, ಅದರಲ್ಲಿ ಏಳರ ತುಂಬ ಫ್ಲೋರಿನ್. ಪಿಎಫ್‌ಒಎ ಎಂಬ ಆಮ್ಲದ ಒಡಹುಟ್ಟು ಅದು. ಕಾರ್ಬನ್ ಫ್ಲೋರಿನ್ ಬಂಧ ಮಣ್ಣಿನಲ್ಲಿ, ನೀರಿನಲ್ಲಿ, ನಮ್ಮ ರಕ್ತದಲ್ಲಿ ಮುರಿಯುವುದಿಲ್ಲ. ಎಂದೆಂದಿಗೂ ಅಳಿಯದ ರಾಸಾಯನಿಕ ಎಂದು ಇಂದು ಪತ್ರಿಕೆಗಳು ಬರೆಯುವುದು ಈ ಕುಲವನ್ನೇ. ಅದೇ ಫಯೆಟ್‌ವಿಲ್ ಆವರಣದ ಕೆಳಗೆ ಹರಿಯುವ ಕೇಪ್ ಫಿಯರ್ ನದಿಯಲ್ಲಿ, ವಿಲ್ಮಿಂಗ್ಟನ್ ಊರಿನವರು ಕುಡಿಯುವ ನೀರಿನಲ್ಲಿ, ಜೆನ್‌ಎಕ್ಸ್ ಎಂಬ ಫ್ಲೋರಿನ್ ವಸ್ತು ಇದೆಯೆಂಬುದು 2017ರಲ್ಲಿ ಜನರಿಗೆ ಗೊತ್ತಾಯಿತು. ಅಷ್ಟರಲ್ಲಿ ಕಾರ್ಖಾನೆ ಕೆಮೂರ್ಸ್ ಹೆಸರಿಗೆ ಬಂದಿತ್ತು. ಅದು ಕಾರ್ಬನ್ ಡೈಆಕ್ಸೈಡ್ ಘಟಕದಿಂದ ಬಂತೆಂದು ನಾನು ಹೇಳುತ್ತಿಲ್ಲ. ಜೆನ್‌ಎಕ್ಸ್ ಬೇಕಾಗುವುದು ನೀರಿನಲ್ಲಿ ಈ ಪಾಲಿಮರುಗಳನ್ನು ಮಾಡುವ ಹಳೆಯ ವಿಧಾನಕ್ಕೆ. ಕಾರ್ಬನ್ ಡೈಆಕ್ಸೈಡ್ ವಿಧಾನದ ಒಂದು ಹೆಚ್ಚುಗಾರಿಕೆಯೇ ಅಂಥ ಸಹಾಯಕ ವಸ್ತುವಿನ ಗೊಡವೆ ಬೇಡ ಎಂಬುದಾಗಿತ್ತು. ನನ್ನ ತಕರಾರು ಬೇರೆ. ದ್ರಾವಕ ಎಷ್ಟೇ ಶುದ್ಧವಾಗಿರಲಿ, ಅದಕ್ಕೆ ಬೇಕಾದ ಸಾಬೂನು ಶತಮಾನ ಕಳೆದರೂ ಕೊಳೆಯದ್ದಾದರೆ ಲೆಕ್ಕ ಎಲ್ಲಿ ಹಸಿರಾಯಿತು? ಕುಡಿಯುವ ನೀರಿನಲ್ಲಿ ಪಿಎಫ್‌ಒಎ ಲೀಟರಿಗೆ ಗ್ರಾಮಿನ ನೂರು ಕೋಟಿಯಲ್ಲಿ ನಾಲ್ಕು ಭಾಗವನ್ನು ಮೀರಬಾರದು ಎಂದು 2024ರಲ್ಲಿ ಅಮೆರಿಕ ನಿಯಮ ಮಾಡಿತು. ಅಷ್ಟು ಅಲ್ಪಕ್ಕೆ ಹೆದರಬೇಕಾದ ಕುಲವನ್ನು ಒಗೆಯುವ ಸಾಬೂನಿಗೆ ಹಾಕುವುದು ಜಾಣತನವಲ್ಲ.

ಆದ್ದರಿಂದ ನನಗೆ ಹೆಚ್ಚು ಮುಖ್ಯವೆನಿಸುವುದು ಫ್ಲೋರಿನ್ ಇಲ್ಲದೆ ಮಾಡಿದ ಕೆಲಸ. 2000ದಲ್ಲಿ ಪಿಟ್ಸ್‌ಬರ್ಗಿನ ಎರಿಕ್ ಬೆಕ್‌ಮನ್ ಮತ್ತು ಜೊತೆಗಾರರು ‘ನೇಚರ್’ ಪತ್ರಿಕೆಯಲ್ಲಿ, ಬರಿಯ ಕಾರ್ಬನ್, ಹೈಡ್ರೋಜನ್, ಆಕ್ಸಿಜನ್ನಿನ ಪಾಲಿಮರುಗಳನ್ನು ತೋರಿಸಿದರು. ಬಳುಕುವ ಈಥರ್ ಕೊಂಡಿಗಳ ನಡುವೆ ಅಲ್ಲೊಂದು ಇಲ್ಲೊಂದು ಕಾರ್ಬೊನೇಟ್. ತಮಾಷೆಯೆಂದರೆ ಆ ಕಾರ್ಬೊನೇಟನ್ನು ಕಟ್ಟಿದ್ದೂ ಕಾರ್ಬನ್ ಡೈಆಕ್ಸೈಡಿನಿಂದಲೇ. ಬಾಲ್ಟಿಮೋರ್, ಅಟ್ಲಾಂಟಾಗಳ ಪಾಠ ಅಲ್ಲಿ ಫಲ ಕೊಟ್ಟಿತ್ತು: ಸರಪಳಿ ಸಡಿಲವಿರಲಿ, ಆಕ್ಸಿಜನ್ ಬಯಲಿನಲ್ಲಿರಲಿ, ಅದು ಅತಿಯಾಗದಿರಲಿ.

ಎರಡು ವರ್ಷದ ಮೇಲೆ, 2002ರಲ್ಲಿ, ಮತ್ತೆ ಚಾಪೆಲ್ ಹಿಲ್. ಕೇರಳ ಮೂಲದ ರವೀಂದ್ರನ್ ಮತ್ತು ಅವರ ಜೊತೆ ಸ್ಕಾಟ್ ವಾಲನ್. ಅವರು ಹಿಡಿದದ್ದು ಸಕ್ಕರೆಯನ್ನು. ಗ್ಲೂಕೋಸಿಗೆ ನೀರಿನ ಮೇಲೆ ಎಷ್ಟು ಒಲವಿದೆಯೋ ಕಾರ್ಬನ್ ಡೈಆಕ್ಸೈಡಿನ ಮೇಲೆ ಅಷ್ಟೇ ನಿರ್ಲಕ್ಷ್ಯ. ಆದರೆ ಗ್ಲೂಕೋಸಿನ ಐದು ಹೈಡ್ರಾಕ್ಸಿಲ್‌ಗಳಿಗೂ ಅಸಿಟೇಟ್ ಹಚ್ಚಿದರೆ, ಅಂದರೆ ಬಡಗಿಯ ಅಂಟಿನಲ್ಲಿರುವ ಗುಂಪನ್ನೇ ತೊಡಿಸಿದರೆ, ಕಥೆ ತಿರುಗುತ್ತದೆ. ಆ ಬಿಳಿ ಪುಡಿ ಕಾರ್ಬನ್ ಡೈಆಕ್ಸೈಡ್ ಅನಿಲದೊಳಗೆ ಮಳೆಗಾಲದ ಉಪ್ಪಿನಂತೆ ಒದ್ದೆಯಾಗಿ ಜಿನುಗಿತು, ಒತ್ತಡ ಏರಿಸಿದಂತೆ ಕರಗಿಯೂ ಹೋಯಿತು. ಅಗ್ಗದ ಸಕ್ಕರೆ, ವಿನೆಗರ್ ಮನೆತನದ ಅಸಿಟೇಟ್, ಮಣ್ಣಿಗೆ ಬಿದ್ದರೆ ಸೂಕ್ಷ್ಮಜೀವಿಗಳು ತಿಂದು ಮುಗಿಸುವ ವಸ್ತು.

ಕಡಿಮೆ ಒತ್ತಡದಲ್ಲಿ ಕರಗುವ, ಫ್ಲೋರಿನ್ ಇಲ್ಲದ, ಅಗ್ಗದ ಪಾಲಿಮರ್ ಸಾಬೂನು ಇನ್ನೂ ಕಾರ್ಖಾನೆಯ ಮಟ್ಟಕ್ಕೆ ಬಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಿರಿಧರ್ ಮದ್ರಾಸ್ ಅವರ ತಂಡ ಒತ್ತಿದ ಕಾರ್ಬನ್ ಡೈಆಕ್ಸೈಡಿನಲ್ಲಿ ಔಷಧಿಗಳಂಥ ಘನವಸ್ತುಗಳ ಕರಗುವಿಕೆಯನ್ನು ವರ್ಷಗಟ್ಟಲೆ ಅಳೆದಿತ್ತು, ಅಂದರೆ ಈ ಅಳತೆಯ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಸಕ್ಕರೆ ಮಂಡ್ಯದಲ್ಲಿದೆ, ಕಾರ್ಬನ್ ಡೈಆಕ್ಸೈಡ್ ಅದೇ ಕಾರ್ಖಾನೆಗಳ ಮದ್ಯಸಾರದ ತೊಟ್ಟಿಗಳಿಂದ ಗುಳ್ಳೆಗುಳ್ಳೆಯಾಗಿ ಏಳುತ್ತಿದೆ. ಮೈಸೂರು, ಧಾರವಾಡ, ಮಂಗಳೂರಿನಲ್ಲಿ ರಸಾಯನಶಾಸ್ತ್ರ ಓದುತ್ತಾ ಇದನ್ನು ಕೇಳುತ್ತಿರುವ ಹುಡುಗ ಹುಡುಗಿಯರೇ, ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ನಿಮ್ಮ ಮೇಷ್ಟ್ರ ಮುಂದೆ ಇದನ್ನೊಮ್ಮೆ ಇಟ್ಟು ನೋಡಿ.